ಸಾಂಬಾರಿನ ರೇಟು

ಮೂಡುಬಿದಿರೆಯ ತಮ್ಮ ಹೋಟೆಲಿನ ಗಲ್ಲಾದಲ್ಲಿ ಕೂತ ಸಂಕಪ್ಪಣ್ಣ ಬಿಲ್ಲಿಂಗ್ ಸಾಫ್ಟ್‌ವೇರನ್ನು ಅರ್ಧ ಬೆಲೆಗೆ ಕೇಳಿದಾಗ, ಅದನ್ನು ಮಾರಲು ಬಂದು ಎದುರಿನ ಟೇಬಲಿನಲ್ಲಿ ಇಡ್ಲಿ ತಿನ್ನುತ್ತಿದ್ದ ಅಝೀಮ್ ತುತ್ತನ್ನು ತಟ್ಟೆಗೇ ಇಳಿಸಿದ. ಇದುವರೆಗೆ ಅವನು ಎಲ್ಲರಿಗೂ ಅವರು ಕೇಳಿದ ಬೆಲೆಗೇ ಕೊಟ್ಟು, ಅದು ಕೈಕೊಟ್ಟಾಗಲೆಲ್ಲ ಬಸ್ಸು ಹತ್ತಿ ಹೋಗಿ ಪುಕ್ಕಟೆ ಸರಿಮಾಡಿ ಬರುತ್ತಿದ್ದ. ಗಿರಾಕಿಗಳು ಹೆಚ್ಚಿದಷ್ಟೂ ನಷ್ಟವೇ ಹೆಚ್ಚಿತ್ತು. ಈ ವ್ಯಾಪಾರವೂ ಹಾಗೇ ಆದರೆ ಬಂಟ್ವಾಳದ ತಮ್ಮ ಆಫೀಸಿಗೆ ಬೀಗ ಹಾಕುವುದೇ ಎಂದು ಪಾಲುದಾರ ಉಜ್ವಲ್ ಬೆಳಿಗ್ಗೆ ಹೇಳಿಯೇ ಕಳಿಸಿದ್ದ.

“ಹಾಳಾದ್ರೆ ಬಂದು ನೋಡುವುದು ಫ್ರೀ ಅಲ್ವಾ ಮಾರಾಯ?” ಎಂದರು ಸಂಕಪ್ಪಣ್ಣ.

ಅಷ್ಟರಲ್ಲಿ ಸಪ್ಲಾಯರ್ ಬಂದು, ಕೇಳದೆಯೇ ಅಝೀಮನ ತಟ್ಟೆಗೆ ಮತ್ತೊಮ್ಮೆ ಸಾಂಬಾರು ಸುರಿದ.

“ಈ ಸಾಂಬಾರಿಗೆ ಬಿಲ್ಲು ಉಂಟಾ ಸಂಕಪ್ಪಣ್ಣ?”

“ಸಾಂಬಾರಿಗೆ ಯಾರಾದ್ರೂ ಬಿಲ್ಲು ಹಾಕ್ತಾರಾ?”

“ಹಾಗಾದ್ರೆ ಇಡ್ಲಿಯನ್ನು ಅರ್ಧ ರೇಟಿಗೆ ಕೊಡ್ತೀರಾ?”

ಸಂಕಪ್ಪಣ್ಣನ ಮುಖ ಬಿಗಿದುಕೊಂಡಿತು. ಬಿಲ್ಲು ಚುಚ್ಚುವ ಕಂಬಿಯನ್ನು ಪಕ್ಕಕ್ಕೆ ತಳ್ಳಿ ಗಲ್ಲಾದ ಚಿಲ್ಲರೆ ಎಣಿಸತೊಡಗಿದರು. ವ್ಯಾಪಾರ ಕೈತಪ್ಪಿತೆಂದುಕೊಂಡ ಅಝೀಮ್ ಕೈ ತೊಳೆಯಲು ಎದ್ದ.

“ನೀನು ಮೊದಲು ಹೇಳಿದ ರೇಟಲ್ಲಿ ನಿನ್ನ ಸಾಂಬಾರೂ ಉಂಟಾ?” ಹಿಂದಿನಿಂದ ಪ್ರಶ್ನೆ ಬಂತು.

“ಉಂಟು. ಒಂದು ವರ್ಷ ರಿಪೇರಿ ಫ್ರೀ.”

“ಹಾಗಾದ್ರೆ ಅದೇ ಇರಲಿ. ಕೂತ್ಕೊ, ಚಾ ಕುಡಿ. ಚಾದ ಬಿಲ್ಲು ಮಾತ್ರ ಕೊಡ್ಬೇಕು ಮತ್ತೆ.”