ಒಂದು ಪಾಯಿಂಟ್ ಆರು

"ಜನ ಸುಳ್ಳು ಹೇಳ್ತಾರೆ ಅಂತ ಸರ್ಕಾರಿ ವರದೀಲಿ ಬರೆಯೋಕಾಗುತ್ತೇನ್ರೀ?"

ನಿರ್ದೇಶಕರು ಪೆನ್ಸಿಲಿನ ಹಿಂಬದಿಯಿಂದ ಆ ಅಂಕೆಯ ಮೇಲೆ ಕುಟ್ಟಿದರು. ಅಂಕೆ: ಒಂದು ಪಾಯಿಂಟ್ ಆರು.

"ಸುಳ್ಳು ಅಂತ ಬರೆದಿಲ್ಲ ಸರ್. ಕಡಿಮೆ ಹೇಳ್ತಾರೆ ಅಂತ."

"ಎರಡಕ್ಕೂ ಏನು ವ್ಯತ್ಯಾಸ?"

ವ್ಯತ್ಯಾಸ ಅವನಿಗೆ ಗೊತ್ತಿತ್ತು. ಸಿಹಿ ಪಾನೀಯಗಳ ಮೇಲೆ ತೆರಿಗೆ ಹಾಕಿದರೆ ಹತ್ತು ವರ್ಷದಲ್ಲಿ ಎಷ್ಟು ಸಾವು ತಪ್ಪುತ್ತವೆ ಎಂದು ಲೆಕ್ಕ ಹಾಕುವುದು ಅವನ ಕೆಲಸ. ಮನೆಗೆ ವಾರಕ್ಕೆ ಐದು ಬಾಟಲಿ ಕುಡಿಯುತ್ತೇವೆ ಎಂದಿದ್ದರು ಜನ. ಒಪ್ಪಿಗೆ ಕೊಟ್ಟ ಮುನ್ನೂರು ಮನೆಗಳ ಕಸದ ಬುಟ್ಟಿಗಳನ್ನು ಎರಡು ತಿಂಗಳು ಅವನೇ ಕೈಗವಸು ಹಾಕಿಕೊಂಡು ಸುರುವಿ ಎಣಿಸಿದಾಗ ಮನೆಗೆ ವಾರಕ್ಕೆ ಎಂಟು ಸಿಕ್ಕಿದ್ದವು. ಎಂಟನ್ನು ಐದರಿಂದ ಭಾಗಿಸಿದ್ದ; ಒಂದು ಪಾಯಿಂಟ್ ಆರು ಬಂದಿತ್ತು. ಕಚೇರಿಯಲ್ಲಿ ತಿಪ್ಪೆ ಪಂಡಿತ ಎಂಬ ಹೆಸರು ಬಿದ್ದದ್ದು ಆಗಲೇ.

ಆ ಅಂಕೆಯಿಂದ ಗುಣಿಸಿದರೆ ತಪ್ಪುವ ಸಾವು ನಾಲ್ಕು ಸಾವಿರದ ನೂರ ಅರವತ್ತು. ಗುಣಿಸದಿದ್ದರೆ ಎರಡು ಸಾವಿರದ ಆರುನೂರು. ಮೂರು ಸಾವಿರಕ್ಕಿಂತ ಕಡಿಮೆಯಾದರೆ ತೆರಿಗೆಯ ಮಾತೇ ಬೇಡ ಎಂದು ಮೇಲಿನವರು ಮೊದಲೇ ಹೇಳಿದ್ದರು.

"ಒಂದು ಅಂತ ಹಾಕಿ. ಜನರ ಮಾತಿಗೆ ಮರ್ಯಾದೆ ಕೊಟ್ಟಹಾಗೂ ಆಗುತ್ತೆ." ನಿರ್ದೇಶಕರು ನಕ್ಕರು. "ಐದು ನಿಮಿಷದ ಕೆಲಸ, ಪಂಡಿತರೇ."

ಎಂಟು, ಎಂದುಕೊಂಡ. ಈಚೆಗೆ ಯಾರು ಏನೆಂದರೂ ಮನಸ್ಸು ತಾನಾಗಿ ಗುಣಿಸಿಬಿಡುತ್ತಿತ್ತು.

"ಆಯ್ತಲ್ಲ?"

"ಹೂಂ."

ಬದಲಾಯಿಸಲು ಒಂದು ನಿಮಿಷವೂ ಹಿಡಿಯಲಿಲ್ಲ. ಪರದೆಯ ಮೇಲೆ ಸಾವಿರದ ಐನೂರ ಅರವತ್ತು ಜನ ಸದ್ದಿಲ್ಲದೆ ಇಲ್ಲವಾದರು. ವರದಿಯನ್ನು ಮಾತ್ರ ಕಳಿಸಲಿಲ್ಲ. ಸಂಜೆ ಕಳಿಸುತ್ತೇನೆಂದು ಎದ್ದ. ಅಕ್ಕನನ್ನು ಡಾಕ್ಟರ ಬಳಿ ಕರೆದೊಯ್ಯಬೇಕಿತ್ತು.

ಅಕ್ಕ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದಳು. ಬಲಗಾಲಿನ ಹೆಬ್ಬೆರಳಿಗೆ ಪಟ್ಟಿ. ಅಪ್ಪ ಹೋದ ಮೇಲೆ ಹೊಲಿಗೆ ಯಂತ್ರ ತುಳಿದು ತುಳಿದು ಅವನನ್ನು ಎಂ.ಎಸ್ಸಿ. ಓದಿಸಿದ ಕಾಲು. ಸಕ್ಕರೆ ಕಾಯಿಲೆಯ ಹುಣ್ಣು ಎರಡು ತಿಂಗಳಾದರೂ ಮಾಯುತ್ತಿರಲಿಲ್ಲ. ಸ್ಪರ್ಶವೂ ಹೋಗಿದ್ದರೆ ಕೂಡಲೇ ಆಸ್ಪತ್ರೆಗೆ ಸೇರಬೇಕು, ಬೆರಳು ಉಳಿಯುವುದೂ ಕಷ್ಟ ಎಂದು ಡಾಕ್ಟರು ಹೋದ ಸಲ ಎಚ್ಚರಿಸಿದ್ದರು.

"ಇವತ್ತು ಎಷ್ಟು ಕುಡಿದೆ?"

"ಅರ್ಧ ಲೋಟ. ಬಾಯಿ ಒಣಗಿತ್ತು."

ಅವನು ನೇರ ಅಡುಗೆಮನೆಗೆ ಹೋಗಿ ಕಸದ ಬುಟ್ಟಿಯ ಮುಚ್ಚಳ ತೆಗೆದ. ಸಿಪ್ಪೆಗಳ ಅಡಿಯಲ್ಲಿ, ಹಳೇ ಪೇಪರಿನಲ್ಲಿ ಸುತ್ತಿದ ಎರಡು ಖಾಲಿ ಕೂಲ್ ಡ್ರಿಂಕ್ಸ್ ಬಾಟಲಿ. ತಂದು ಅವಳ ಕಾಲ ಬಳಿ ನಿಲ್ಲಿಸಿದ.

"ನನ್ನ ಕಸ ಕೆದಕಲಿ ಅಂತಾನೇನೋ ನಿನ್ನ ಓದಿಸಿದ್ದು?"

"ಬೆರಳು ತೆಗೀತಾರೆ ಅಕ್ಕ."

"ತೆಗೀಲಿ. ಇನ್ನೂ ಒಂಬತ್ತು ಇರ್ತವಲ್ಲ, ಎಣಿಸ್ಕೊಂಡು ಕೂತ್ಕೋ."

ಅವಳ ತೋಳು ಹಿಡಿದು ಡಾಕ್ಟರ ಬಳಿಗೆ ನಡೆಸಿಕೊಂಡು ಹೋದ.

"ಕೂಲ್ ಡ್ರಿಂಕ್ಸ್ ಬಿಟ್ಟಿದ್ದೀರಾ ಅಮ್ಮಾ?" ಡಾಕ್ಟರು ಕೇಳಿದರು. ಚಿಕ್ಕ ವಯಸ್ಸಿನ ಹೆಂಗಸು, ದಣಿದಿದ್ದರು.

"ಮುಟ್ಟೋದೇ ಇಲ್ಲ."

ಸೊನ್ನೆಯನ್ನು ಯಾವುದರಿಂದ ಗುಣಿಸಿದರೂ ಸೊನ್ನೆ. ಡಾಕ್ಟರು ಅವನತ್ತ ತಿರುಗಿದರು. ಅಕ್ಕನೂ ನೋಡಿದಳು, ಚಿಕ್ಕಂದಿನಲ್ಲಿ ಏಟು ಕೊಡುವ ಮುಂಚೆ ನೋಡುತ್ತಿದ್ದ ಹಾಗೆ.

"ಹೂಂ," ಎಂದ.

ಡಾಕ್ಟರು ಬರೆದುಕೊಂಡರು. ಕಡ್ಡಿಗೆ ಸಿಕ್ಕಿಸಿದ ಸಣ್ಣ ನೈಲಾನ್ ಎಳೆಯೊಂದನ್ನು ಕೈಗೆತ್ತಿಕೊಂಡರು. "ಕಣ್ಣು ಮುಚ್ಚಿ. ಇದು ಕಾಲಿಗೆ ತಗುಲಿದಾಗೆಲ್ಲ ಹೂಂ ಅನ್ನಿ."

ಎಳೆ ಅಂಗಾಲಿಗೆ ತಗುಲಿ ಬಾಗಿತು.

"ಹೂಂ," ಎಂದಳು ಅಕ್ಕ.

ಡಾಕ್ಟರು ಕೈ ಹಿಂದೆಳೆದು ಕಾದರು.

"ಹೂಂ."

ಎಳೆ ಗಾಳಿಯಲ್ಲಿತ್ತು. ಡಾಕ್ಟರು ಅವನ ಮುಖ ನೋಡಿದರು. ಅವನು ಗೋಡೆ ನೋಡಿದ.

"ಹೂಂ." ಅಳತೆ ತಪ್ಪದ ಹೊಲಿಗೆಯಂತೆ, ಸಮನಾದ ಬಿಡುವಿನಲ್ಲಿ. "ಹೂಂ."

ಡಾಕ್ಟರು ಎಳೆಯನ್ನು ತಟ್ಟೆಗೆ ಹಾಕಿ, ಮೂಲೆಯ ನಲ್ಲಿ ತಿರುಗಿಸಿ ಕೈ ತೊಳೆಯತೊಡಗಿದರು. ಅವನ ಜೇಬಿನಲ್ಲಿ ಫೋನು ನಡುಗಿತು. ನಿರ್ದೇಶಕರು: 'ಕಳಿಸಿದ್ರಾ?'

ಅವನು ಬಗ್ಗಿ, ಅಕ್ಕನ ಹುಣ್ಣಿನ ಪಕ್ಕದ ಕಾಲ್ಬೆರಳನ್ನು ತನ್ನ ಎರಡು ಬೆರಳ ನಡುವೆ ಹಿಡಿದು ಹಿಸುಕಿದ. ತನ್ನ ಉಗುರು ಬೆಳ್ಳಗಾಗುವವರೆಗೆ ಹಿಸುಕಿದ. ಅಕ್ಕ ಕಣ್ಣು ಮುಚ್ಚಿಕೊಂಡೇ, ಪರೀಕ್ಷೆಗೆ ಕೂತವಳಂತೆ, ಸುಮ್ಮನಿದ್ದಳು.

ಬಿಟ್ಟ. ನಲ್ಲಿಯ ಸದ್ದು ನಿಂತಿತು.

"ಹೂಂ," ಎಂದಳು ಅಕ್ಕ.