ಮೇಕಪ್ಪಿಲ್ಲದ ದೆವ್ವ

ರಾಯದುರ್ಗದ ಜೀನ್ಸ್ ಯೂನಿಟ್ಟಿನಲ್ಲಿ ನನ್ನ ಜೊತೆ ಹೊಲಿಯುವ ರಾಮಾಂಜಿ, ರಜೆಯಲ್ಲಿ ಕೋಟೆಗೆ ಹೋಗಿ ಫೋನಿನಲ್ಲೇ ದೆವ್ವದ ಸಿನಿಮಾ ತೆಗೆಯುತ್ತಿದ್ದ. ದೆವ್ವ ಕಂಡು ಕಿರುಚುವ ನಾಯಕಿಯ ಪಾತ್ರವನ್ನು ನಾನೇ ಕೇಳಿ ಪಡೆದಿದ್ದೆ. ಎಷ್ಟು ಸಲ ಬಾಯಿ ತೆರೆದರೂ ದನಿ ಹೊರಡಲಿಲ್ಲ.

“ಅಂಜಿಕಿ ಅಂದ್ರ ಗೊತ್ತಿಲ್ಲೇನವ್ವಾ ಸುಶ್ಮಿತಾ?”

“ಗೊತ್ತೈತಿ. ಬರವಲ್ದು.”

“ಹೋಗ್ಲಿ, ನೀನೇ ದೆವ್ವ ಆಗಿಬಿಡು. ಸುಮ್ನ ನಿಂದ್ರು ಸಾಕು.”

ಮೇಕಪ್ ತರಲು ಅವನು ಮರೆತಿದ್ದ. ಹಾಗೇ ನಿಂತೆ.

ನಮ್ಮ ಓಣಿಯಲ್ಲಿ ಜೀನ್ಸಿನ ಜೇಬಿನೊಳಗೆ ಹೊಲಿಯುವ ಬಿಳಿ ಬಟ್ಟೆಯನ್ನು ಪರದೆಯಾಗಿ ಕಟ್ಟಿ ಸಿನಿಮಾ ತೋರಿಸಿದೆವು. ನನ್ನ ಮುಖ ಬಂದ ಕೂಡಲೇ ಹೆಂಗಸರು, ಮಕ್ಕಳು ಚೀರಿದರು. ಅವ್ವ ಮಾತ್ರ ಅಲುಗಲಿಲ್ಲ.

“ಅದಕ್ಯಾಕ ಅಂಜ್ತೀರಿ? ಕೆಲಸ ಮುಗಿಸ್ಕೊಂಡು ಬಂದಾಗ ದಿನಾ ಹಿಂಗ ಇರ್ತಾಳ.”

ಎಲ್ಲರೂ ನಕ್ಕರು. ನಾನೂ ನಗಬೇಕಿತ್ತೇನೋ. ಪರದೆಯ ಮೇಲಿನವಳೂ ನಗಲಿಲ್ಲ.