ಹೊಲಿಗೆ ಹೊರಗಿರುವ ಟೋಪಿ

ಮಕ್ಕಳಿಗೆ ಜ್ವರ ಬರುವುದು ಯಾವ ಬೀದಿಗೂ ಹೊಸದಲ್ಲ. ಬರುತ್ತದೆ, ಒಂದೆರಡು ದಿನ ಮುಖ ಬಾಡಿಸುತ್ತದೆ, ಹೋಗುತ್ತದೆ. ಹಾಗಾಗಿ ಬೇಕರಿಯವನ ಮಗಳಿಗೆ ಜ್ವರ ಬಂದು, ಬಿಟ್ಟು, ಮತ್ತೆ ಬಂದಾಗ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

ಬೇಕರಿಯ ಎದುರಿಗೇ ಟೈಲರಕ್ಕನ ಅಂಗಡಿ. ಮುಂದೆ ಅಂಗಡಿ, ಹಿಂದೆ ಒಂದು ಕೋಣೆ. ಗಂಡ ತೀರಿಕೊಂಡ ಮೇಲೆ ಆ ಕೋಣೆಯಲ್ಲಿ ಆಕೆ ಒಬ್ಬಳೇ. ಮಾತಿಗೆ ಸಿಗುತ್ತಿದ್ದದ್ದು ಬೇಕರಿಯವನ ಮಗಳು ಮಾತ್ರ. ಅವಳನ್ನು ಎಲ್ಲರೂ ಗುಬ್ಬಿ ಎನ್ನುತ್ತಿದ್ದರು. ಶಾಲೆ ಬಿಟ್ಟೊಡನೆ ಬಂದು ಬಟ್ಟೆ ಕತ್ತರಿಸುವ ಮೇಜಿನ ಕೆಳಗೆ ಕೂತು, ಬಿದ್ದ ಚೂರುಗಳನ್ನೆಲ್ಲ ಆರಿಸಿ ಗೊಂಬೆಗೆ ಸುತ್ತುವುದು ಅವಳ ಕೆಲಸ. ಬಾಯಿಗೆ ಬಿಡುವಿಲ್ಲ.

ಹೊಸ ಯೂನಿಫಾರ್ಮಿಗೆ ಅಳತೆ ತೆಗೆಯುವ ದಿನ ಟೈಲರಕ್ಕನ ಕೈಯಲ್ಲಿದ್ದ ಟೇಪು ನಿಂತುಹೋಯಿತು. ಸೊಂಟ ಹೋದ ಸಲಕ್ಕಿಂತ ಕಡಿಮೆ. ಬೆಳೆಯುವ ಮಗುವಿನ ಅಳತೆ ಹಿಂದಕ್ಕೆ ಹೋಗುವುದುಂಟೇ? ಮತ್ತೊಮ್ಮೆ ಸುತ್ತಿ ನೋಡಿದಳು. ಅಷ್ಟೇ. ತೋಳಿನ ಮೇಲೆ ಅಲ್ಲಲ್ಲಿ ನೀಲಿಗಟ್ಟಿದ ಕಲೆ ಬೇರೆ.

“ಎಲ್ಲಿ ಬಿದ್ದೆಯೇ?”

“ಬೀಳಲೇ ಇಲ್ಲ ಅತ್ತೆ. ಅದಾಗಿ ಅದೇ ಬಂತು.”

ಟೈಲರಕ್ಕ ಗುಬ್ಬಿಯ ಅಮ್ಮನನ್ನು ಕೂಗಿ ಕರೆದಳು. ಅವಳು ಕೈಯ ಹಿಟ್ಟು ಒರೆಸಿಕೊಳ್ಳುತ್ತಲೇ ಬಂದಳು.

“ಆಟದಲ್ಲಿ ಬಿದ್ದಿರ್ತಾಳೆ ಬಿಡಿ ಅಕ್ಕ. ಇವಳ ಕಾಲು ನೆಲದ ಮೇಲೆ ನಿಲ್ಲೋದು ನಿದ್ದೆಯಲ್ಲಿ ಮಾತ್ರ.”

“ನಿದ್ದೆಯಲ್ಲಿ ಯಾರ ಕಾಲು ನೆಲದ ಮೇಲಿರುತ್ತೆ? ಹುಡುಗಾಟ ಬಿಡು. ಜ್ವರ ಹೋಗಿ ಹೋಗಿ ಬರ್ತಿದೆ ಅಂತ ನೀನೇ ಹೇಳಿದ್ದೆಯಲ್ಲ. ಮಗು ಇಳಿದುಹೋಗಿದೆ. ಒಂದ್ಸಲ ತೋರಿಸ್ಕೊಂಡು ಬಾ.”

ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರು. ಫಲಿತಾಂಶ ನೋಡಿದವರು ತಡಮಾಡದೆ ದೊಡ್ಡಾಸ್ಪತ್ರೆಗೆ ಕಳಿಸಿದರು. ಗುಬ್ಬಿಗೆ ರಕ್ತದ ಕ್ಯಾನ್ಸರ್ ಇತ್ತು. ಅಮ್ಮ ಮಗಳ ಜೊತೆ ಆಸ್ಪತ್ರೆ ಸೇರಿದಳು. ಬೇಕರಿಯವನು ಇನ್ನೂ ನಡೆಯಲು ಕಲಿಯುತ್ತಿದ್ದ ಚಿಕ್ಕ ಮಗನನ್ನು ನೋಡಿಕೊಳ್ಳುತ್ತ ಒಲೆಯ ಮುಂದೆ ಉಳಿದ.

ಅಲ್ಲಿಂದ ಬೀದಿ ಒಂದು ಥರಾ ಆಯಿತು. ಬೇಕರಿಯ ಮುಂದೆ ನಿಂತು ಹರಟುತ್ತಿದ್ದವರು ಬ್ರೆಡ್ಡು ತೆಗೆದುಕೊಂಡು ಬೇಗ ಬೇಗ ಹೊರಡತೊಡಗಿದರು. ಕೆಲವರು ಬರುವುದನ್ನೇ ಬಿಟ್ಟರು. ಬ್ಲೌಸು ಕೊಡಲು ಬಂದ ಹೆಂಗಸೊಬ್ಬಳು ದನಿ ತಗ್ಗಿಸಿ, “ಅವರ ಮನೆ ಬನ್ನು ತಿನ್ನಬಹುದಾ? ಅದು ಅಂಟುತ್ತಂತಲ್ಲ” ಎಂದಳು. ಟೈಲರಕ್ಕನಿಗೆ ಸಿಟ್ಟು ಬಂತು. ಆದರೆ ಅಂಟುವುದೋ ಇಲ್ಲವೋ ಆಕೆಗೂ ಸರಿಯಾಗಿ ಗೊತ್ತಿರಲಿಲ್ಲ. ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು ಬ್ಲೌಸಿನ ಬಟ್ಟೆ ಬಿಡಿಸತೊಡಗಿದಳು.

ಎದುರು ಮನೆಗೆ ಹೋಗಿ ಮಾತಾಡಿಸಬೇಕೆಂದು ಎಷ್ಟೋ ಸಲ ಅನ್ನಿಸಿತು. ಹೋಗಿ ಏನು ಹೇಳುವುದು? “ಎಲ್ಲ ಸರಿಹೋಗುತ್ತೆ” ಎನ್ನಲು ತಾನ್ಯಾರು? ಬೆಳಗ್ಗೆ ಬೇಕರಿಯವನು ಬಾಗಿಲು ತೆಗೆಯುವ ಹೊತ್ತಿಗೆ ಸರಿಯಾಗಿ ಆಕೆ ತಲೆ ತಗ್ಗಿಸಿ ಸೂಜಿಗೆ ದಾರ ಪೋಣಿಸುತ್ತ ಕೂರುವಳು. ಪೋಣಿಸಿದ ದಾರವನ್ನೇ ಎಳೆದು ಮತ್ತೆ ಪೋಣಿಸುವಳು. ಅವನು ಒಳಗೆ ಹೋದ ಮೇಲೆಯೇ ತಲೆ ಎತ್ತುವಳು.

ಮೇಜಿನ ಕೆಳಗೆ ಬಟ್ಟೆಚೂರು ರಾಶಿ ಬಿತ್ತು. ಆರಿಸುವವರಿಲ್ಲ. ಮಷಿನ್ ನಿಲ್ಲಿಸಿದರೆ ಅಂಗಡಿಯಲ್ಲಿ ಯಾವ ಸದ್ದೂ ಇರುತ್ತಿರಲಿಲ್ಲ. ಆದ್ದರಿಂದ ಕೆಲಸವಿಲ್ಲದಾಗಲೂ ಆಕೆ ಪೆಡಲ್ ತುಳಿಯುತ್ತಿದ್ದಳು.

ಹೀಗಿರುವಾಗ ಒಂದು ಸಂಜೆ ಚಿಲ್ಲರೆ ಅಣ್ಣ ಬಂದ. ಅವನು ನಿವೃತ್ತ ಬಸ್ ಕಂಡಕ್ಟರ್. ಸರ್ವಿಸ್ ಪೂರ್ತಿ “ಚಿಲ್ಲರೆ ಇಲ್ಲ, ಇಳಿಯುವಾಗ ಕೊಡ್ತೀನಿ” ಎಂದೇ ಕಾಲ ಹಾಕಿದವನಾದ್ದರಿಂದ ಆ ಹೆಸರು. ಈಗ ಅವನ ಕೈಯಲ್ಲಿ ಸೀಲು ಹಾಕಿದ ಡಬ್ಬಿ ಇತ್ತು, ಅದರ ಮೇಲೆ ಮಕ್ಕಳ ಕ್ಯಾನ್ಸರ್ ನೆರವಿನ ಚೀಟಿ.

“ಓಹೋ! ನನ್ನ ಬಾಕಿ ಚಿಲ್ಲರೆ ವಾಪಸ್ ಕೊಡೋಕೆ ಬಂದ್ರೇನೋ ಅಂದ್ಕೊಂಡೆ. ನೋಡಿದ್ರೆ ಡಬ್ಬಿ ಹಿಡ್ಕೊಂಡು ಬಂದಿದ್ದೀರಿ.”

“ಅದನ್ನೇ ಬಡ್ಡಿ ಸಮೇತ ತೀರಿಸ್ತಿದ್ದೀನಿ ತಾಯಿ. ನಿಮಗಲ್ಲ, ಬೇರೆಯವರಿಗೆ. ಹಾಕಿ.”

“ಹಾಕಿದ್ದು ಎಲ್ಲಿಗೆ ಹೋಗುತ್ತೋ ಯಾರಿಗೆ ಗೊತ್ತು?”

“ಕೇಳಬೇಕಾದ ಮಾತೇ. ರಸೀದಿ ಕೊಡ್ತೀವಿ, ಡಬ್ಬಿ ಒಡೆಯೋದು ಎಲ್ಲರ ಎದುರಿಗೆ. ಆಸ್ಪತ್ರೆ ಪಕ್ಕ ಒಂದು ಮನೆ ಬಾಡಿಗೆಗೆ ಹಿಡಿದಿದ್ದೀವಿ. ದೂರದಿಂದ ಬಂದ ಅಪ್ಪ ಅಮ್ಮಂದಿರು ಅಲ್ಲಿ ಇರ್ತಾರೆ. ಔಷಧಿಗೆ ಕಡಿಮೆ ಬಿದ್ರೆ ಸೇರಿಸ್ತೀವಿ. ಊರಿಗೆ ಹೋಗಿಬರೋಕೆ ಬಸ್ ಚಾರ್ಜು ಕೊಡ್ತೀವಿ, ಚಿಲ್ಲರೆ ಸಮೇತ.”

ಟೈಲರಕ್ಕ ಬಹಳ ದಿನದ ಮೇಲೆ ನಕ್ಕಳು. ಆಮೇಲೆ ಮೆಲ್ಲಗೆ ಕೇಳಿದಳು, “ಅಣ್ಣ, ಅದು ಅಂಟುತ್ತಾ?”

“ಅಂಟೋದಾಗಿದ್ರೆ ವಾರವಾರ ಆ ಮಕ್ಕಳ ಜೊತೆ ಹಾವು ಏಣಿ ಆಡೋ ನನಗೆ ಯಾವತ್ತೋ ಅಂಟಬೇಕಿತ್ತು. ಕ್ಯಾನ್ಸರ್ ಅಂಟಲ್ಲ. ನಮ್ಮ ನೆಗಡಿ ಕೆಮ್ಮು ಆ ಮಕ್ಕಳಿಗೆ ಅಂಟುತ್ತೆ ನೋಡಿ, ಅದು ಅಪಾಯ. ಅದಕ್ಕೇ ಹುಷಾರಿಲ್ಲದ ದಿನ ನಾನು ಹೋಗಲ್ಲ.”

“ನಿಮಗ್ಯಾಕೆ ಈ ವಯಸ್ಸಲ್ಲಿ ಇದೆಲ್ಲ?”

ಅವನು ಡಬ್ಬಿಯನ್ನು ಮೇಜಿನ ಮೇಲಿಟ್ಟ. “ಇಡೀ ಆಯುಷ್ಯ ತುಂಬಿದ ಬಸ್ಸಲ್ಲಿ ಕಳೆದೆ. ಮನೆಗೆ ಬಂದು ಕೂತ ಮೇಲೆ, ಮುಂದೆ ಹೋಗಿ ಮುಂದೆ ಹೋಗಿ ಅನ್ನೋಕೆ ಒಬ್ಬರೂ ಇರಲಿಲ್ಲ. ಇರಲಿ ಬಿಡಿ. ದುಡ್ಡು ಇಲ್ಲದಿದ್ರೆ ಬೇಡ. ನಿಮ್ಮ ಕೈಯಲ್ಲಿ ಕೆಲಸ ಇದೆ. ಔಷಧಿಗೆ ಮಕ್ಕಳ ಕೂದಲು ಉದುರುತ್ತೆ. ಮತ್ತೆ ಬೆಳೆಯುತ್ತೆ, ಆದ್ರೆ ಅಲ್ಲಿವರೆಗೆ ತಲೆಗೆ ಚಳಿಯಾಗುತ್ತೆ. ಟೋಪಿ ಹೊಲಿದುಕೊಡಿ.”

ಟೈಲರಕ್ಕ ಮರುದಿನವೇ ಕೂತಳು. ಮೃದುವಾದ ಹತ್ತಿಬಟ್ಟೆ ಆರಿಸಿದಳು. ಮದುವೆಯ ಬ್ಲೌಸಿಗೂ ಮಾಡದಷ್ಟು ಅಚ್ಚುಕಟ್ಟು ಮಾಡಿದಳು. ಒಂದು ಎಳೆಯೂ ಹೊರಗೆ ಕಾಣದಂತೆ ಅಂಚನ್ನೆಲ್ಲ ಒಳಕ್ಕೆ ಮಡಚಿ, ಎರಡೆರಡು ಸಲ ಹೊಲಿಗೆ ಹಾಕಿದಳು. ಚಿಲ್ಲರೆ ಅಣ್ಣ ತೆಗೆದುಕೊಂಡು ಹೋದ. “ಮಕ್ಕಳಿಗೆ ಖುಷಿಯಾಯ್ತು” ಎಂದು ಹೇಳಿದ. ಇನ್ನಷ್ಟು ಹೊಲಿದಳು. ಗುಬ್ಬಿಯ ತಲೆಯ ಮೇಲೆ ತನ್ನ ಟೋಪಿ ಹೇಗೆ ಕಾಣುತ್ತದೋ ಎಂಬ ಆಸೆ ದಿನದಿನಕ್ಕೆ ದೊಡ್ಡದಾಯಿತು. ಕೊನೆಗೊಮ್ಮೆ ಅವನ ಜೊತೆಗೆ ತಾನೇ ಹೊರಟಳು.

ವಾರ್ಡಿನ ಬಾಗಿಲಲ್ಲಿ ನರ್ಸಮ್ಮ ತಡೆದು, “ನೆಗಡಿ, ಕೆಮ್ಮು, ಜ್ವರ ಏನಾದ್ರೂ ಇದೆಯಾ?” ಎಂದು ಕೇಳಿದಳು. ಕೈ ತೊಳೆಸಿದಳು, ಮಾಸ್ಕ್ ಕೊಟ್ಟಳು. ಟೈಲರಕ್ಕ ಒಳಗೆ ಹೆಜ್ಜೆಯಿಟ್ಟು ಸಾಲಾಗಿದ್ದ ಮಂಚಗಳನ್ನು ನೋಡಿದವಳೇ ನಿಂತುಬಿಟ್ಟಳು.

ಟೋಪಿಗಳೇನೋ ಆಕೆಯವೇ. ಆದರೆ ಹಾಕಿದ್ದ ಮಕ್ಕಳೆಲ್ಲ ಉಲ್ಟಾ ಹಾಕಿದ್ದರು. ಬಚ್ಚಿಟ್ಟ ಅಂಚು, ಗಂಟು, ದಾರದ ತುದಿ ಎಲ್ಲ ಹೊರಗೆ. ಇಷ್ಟು ಚೆಂದದ ಕೆಲಸವನ್ನು ಹೀಗಾ ಹಾಕುವುದು? ಮೂಲೆಯ ಮಂಚದಲ್ಲಿ ಗುಬ್ಬಿ ಕೂತಿದ್ದಳು. ಅವಳದೂ ಉಲ್ಟಾ.

“ಹೊಲಿಗೆ ಅತ್ತೇ!”

“ಏನೇ ಇದು, ಟೋಪಿ ಹಾಕೋಕೂ ಬರಲ್ವಾ? ಬಾ, ತಿರುಗಿಸಿ ಹಾಕ್ತೀನಿ.”

ಗುಬ್ಬಿ ಎರಡೂ ಕೈಯಲ್ಲಿ ಟೋಪಿ ಹಿಡಿದುಕೊಂಡಳು. “ಬೇಡ ಅತ್ತೆ. ಒಳಗಡೆ ಗೀರುತ್ತೆ.”

ಮಗು ತಾನೇ ಟೋಪಿ ಸರಿಸಿ ತೋರಿಸಿತು. ಕೂದಲಿಲ್ಲದ ನೆತ್ತಿಯ ಸುತ್ತ ತೆಳುವಾದ ಕೆಂಪು ಗೆರೆ. ಟೈಲರಕ್ಕ ಬೆರಳಲ್ಲಿ ತನ್ನ ಹೊಲಿಗೆಯನ್ನು ಮುಟ್ಟಿ ನೋಡಿದಳು. ಮಡಚಿ ಮಡಚಿ ಹೊಲಿದ ಅಂಚು ಹಗ್ಗದಂತೆ ಗಟ್ಟಿ. ನೋಡುವವರ ಕಡೆಗೆ ನುಣುಪು, ಹಾಕುವವರ ಕಡೆಗೆ ಒರಟು. ಟೈಲರುಗಳು ಹೊಲಿಯುವುದೇ ಹಾಗೆ. ಆಕೆಗೆ ಯಾವತ್ತೂ ಅದು ತಪ್ಪು ಎನಿಸಿರಲಿಲ್ಲ.

“ನನಗೆ ಯಾಕೆ ಹೇಳಲಿಲ್ಲ?” ಎಂದು ಗುಬ್ಬಿಯ ಅಮ್ಮನನ್ನು ಕೇಳಿದಳು.

“ಪ್ರೀತಿಯಿಂದ ಕೊಟ್ಟಿದ್ರಲ್ಲಿ ಹುಳುಕು ಹುಡುಕೋದಾ ಅಕ್ಕ? ತಿರುಗಿಸಿ ಹಾಕಿದೆ. ಅದನ್ನ ನೋಡಿ ಉಳಿದವರೂ ಹಾಗೇ ಹಾಕಿದ್ರು.” ಅಮ್ಮನ ಕಣ್ಣಿನ ಸುತ್ತ ಕಪ್ಪು. ಮಾತಾಡಿ ಬಹಳ ದಿನವಾದವಳಂತೆ ದನಿ ಒಡೆಯುತ್ತಿತ್ತು. “ಇನ್ನೇನು, ಈ ವಾರ ಬಂದುಬಿಡ್ತೀವಿ ಬಿಡಿ. ಜ್ವರ ಇಲ್ಲ, ಊಟ ಮಾಡ್ತಾಳೆ. ಸಾಕು. ಇವಳಪ್ಪನೂ ಸಾಕು ಅಂತಾರೆ.”

ಮಗುವಿನ ತೋಳಿನ ಪಟ್ಟಿ ನೋಡುತ್ತಿದ್ದ ನರ್ಸಮ್ಮ ತಿರುಗಿದಳು. “ನಿನ್ನೆನೂ ಹೇಳ್ದೆ ನಿಮಗೆ. ಚಿಕಿತ್ಸೆ ಅರ್ಧನೂ ಆಗಿಲ್ಲ. ಮೇಲೆ ಚೆನ್ನಾಗಿ ಕಾಣ್ತಾಳೆ, ಒಳಗೆ ರೋಗ ಇನ್ನೂ ಇರುತ್ತೆ. ಈಗ ಬಿಟ್ರೆ ಅದು ಮತ್ತೆ ಬರುತ್ತೆ, ಆಗ ವಾಸಿ ಮಾಡೋದು ಇನ್ನೂ ಕಷ್ಟ.”

“ಗೊತ್ತು ಸಿಸ್ಟರ್” ಎಂದಳು ಅಮ್ಮ. ನರ್ಸಮ್ಮ ಮುಂದಿನ ಮಂಚಕ್ಕೆ ಹೋದ ಮೇಲೆ ಮತ್ತೆ, “ಗೊತ್ತು” ಎಂದಳು, ಯಾರಿಗೂ ಅಲ್ಲದಂತೆ.

“ಎಲ್ಲ ಸರಿಹೋಗುತ್ತೆ” ಎಂಬ ಮಾತು ಟೈಲರಕ್ಕನ ನಾಲಿಗೆಯ ತುದಿಗೆ ಬಂತು. ಕೈಯಲ್ಲಿನ್ನೂ ಟೋಪಿಯ ಒರಟು ಅಂಚು ಇತ್ತು. ಆ ಮಾತನ್ನು ನುಂಗಿಕೊಂಡಳು.

“ನಾನು ಕೇಳದೇ ಹೊಲಿದೆ, ತಪ್ಪಾಯ್ತು. ಈಗ ಕೇಳ್ತೀನಿ. ನಿನಗೆ ಏನು ಬೇಕು, ಹೇಳು.”

ಅಮ್ಮ ಮಗಳ ಹೊದಿಕೆ ಸರಿಪಡಿಸಿದಳು, ಲೋಟ ತೊಳೆದಿಟ್ಟಳು. ಆಮೇಲೆ ಹೇಳಿದಳು, “ಹೋದ ಸಲ ಇವರಪ್ಪ ಚಿಕ್ಕೋನನ್ನ ಆಸ್ಪತ್ರೆ ಗೇಟಿನ ತನಕ ಕರ್ಕೊಂಡು ಬಂದಿದ್ರು. ಕೈ ಚಾಚಿದೆ. ಅವನು ನನ್ನ ಹತ್ರ ಬರಲೇ ಇಲ್ಲ ಅಕ್ಕ. ಅಪ್ಪನ ಹೆಗಲಲ್ಲಿ ಮುಖ ಮುಚ್ಕೊಂಡ. ಯಾರೋ ಹೊಸಬರನ್ನ ನೋಡಿದ ಹಾಗೆ.” ಅವಳು ಸೆರಗಿನಿಂದ ಮೂಗೊರೆಸಿಕೊಂಡಳು. “ವಾರಕ್ಕೆ ಒಂದು ದಿನ ಮನೆಗೆ ಹೋಗೋ ಹಾಗಿದ್ರೆ... ಸ್ನಾನ ಮಾಡಿ, ಅವನ ಪಕ್ಕ ಮಲಗಿ ಎದ್ದು ಬರೋ ಹಾಗಿದ್ರೆ, ಎಷ್ಟು ದಿನ ಬೇಕಾದ್ರೂ ಇಲ್ಲಿರ್ತೀನಿ. ಆದ್ರೆ ಇವಳನ್ನ ಯಾರ ಕೈಗೆ ಬಿಡಲಿ?”

“ನನ್ನ ಕೈಗೆ ಬಿಡು. ಅಳತೆ ಗೊತ್ತಿರೋ ಕೈ.”

ನರ್ಸಮ್ಮನನ್ನು ಕೇಳಿದರು. ಅವಳು ಡಾಕ್ಟರನ್ನು ಕೇಳಿ ಬಂದು, ಆಗಬಹುದು, ಆದರೆ ಏನು ಮಾಡಬೇಕು, ಏನು ಮಾಡಬಾರದು ಎಂಬುದನ್ನು ಮೊದಲು ಕಲಿಯಬೇಕು ಎಂದಳು. ಚಿಲ್ಲರೆ ಅಣ್ಣ, “ಅದನ್ನ ನಮ್ಮ ತಂಡದವರು ಹೇಳಿಕೊಡ್ತಾರೆ” ಎಂದ.

ಬೇಕರಿಯವನನ್ನು ಒಪ್ಪಿಸುವುದು ಉಳಿದಿತ್ತು. ಆ ಸಂಜೆ ಟೈಲರಕ್ಕ, ಚಿಲ್ಲರೆ ಅಣ್ಣ ಇಬ್ಬರೂ ಬೇಕರಿಗೆ ಹೋದರು. ಅವನು ಚಿಕ್ಕ ಮಗನನ್ನು ಸೊಂಟದಲ್ಲಿಟ್ಟುಕೊಂಡೇ ಒಲೆಯ ಬಾಗಿಲು ತೆಗೆಯುತ್ತಿದ್ದ.

“ಚೆನ್ನಾಗಿದ್ದಾಳಂತಲ್ಲ. ಇನ್ಯಾಕೆ ಆ ಮಗುಗೆ ಸೂಜಿ ಚುಚ್ಚಿಸಲಿ?” ಎಂದ. “ನೀವೂ ಈ ಕಡೆ ಬಂದು ಎಷ್ಟು ಕಾಲವಾಯ್ತು ಅಕ್ಕ. ನಮ್ಮ ಕಷ್ಟ ನಿಮಗೇನು ಗೊತ್ತು?”

ಟೈಲರಕ್ಕ ತಲೆ ತಗ್ಗಿಸಲಿಲ್ಲ. “ಬರಬೇಕಿತ್ತು. ಬರಲಿಲ್ಲ. ಬಯ್ಯೋದಿದ್ರೆ ಪೂರ್ತಿ ಬಯ್ದುಬಿಡು, ಕೇಳಿಸ್ಕೋತೀನಿ. ಆದ್ರೆ ಒಂದು ಹೇಳು. ಬ್ರೆಡ್ಡು ಮೇಲೆ ಕೆಂಪಗೆ ಕಂಡ ತಕ್ಷಣ ಒಲೆಯಿಂದ ತೆಗೀತೀಯಾ?”

“ಒಳಗೆ ಹಸಿ ಇರುತ್ತಲ್ಲ.”

“ಹಾಗಾದ್ರೆ ಮಗಳ ವಿಷಯದಲ್ಲಿ ಯಾಕಪ್ಪ ಅವಸರ?”

ಬೇಕರಿಯವನು ಒಲೆಯ ಬಾಗಿಲು ಮುಚ್ಚಿದ. ಚಿಲ್ಲರೆ ಅಣ್ಣ ಮಗುವಿಗೆ ಕೈ ಚಾಚಿದ. ಮಗು ಅವನ ಹತ್ತಿರ ಹೋಗಿ ಮೊದಲು ಕನ್ನಡಕ ಕಿತ್ತುಕೊಂಡಿತು. ಎರಡೂ ಕೈ ಖಾಲಿಯಾದ ಬೇಕರಿಯವನು ಹಿಟ್ಟಿನ ಮೂಟೆಯ ಮೇಲೆ ಕೂತ. “ಯಾವ ವಾರ ಬರ್ತಾಳೆ ಇವನಮ್ಮ?” ಎಂದು ಕೇಳಿದ.

“ಬುಧವಾರ” ಎಂದಳು ಟೈಲರಕ್ಕ.

ಅಂಗಡಿಯ ಬಾಗಿಲಿಗೆ ಚೀಟಿ ಬಿತ್ತು: ಬುಧವಾರ ಹೊಲಿಗೆ ಇಲ್ಲ.

ಆ ಬುಧವಾರಗಳೆಲ್ಲ ಸುಲಭವಾಗಿದ್ದವು ಎಂದರೆ ಸುಳ್ಳಾಗುತ್ತದೆ. ಕೆಲವು ದಿನ ಗುಬ್ಬಿ ಔಷಧಿಯ ಸುಸ್ತಿಗೆ ಗೋಡೆಯ ಕಡೆ ತಿರುಗಿ ಮಲಗುವಳು, ಒಂದು ಮಾತೂ ಇಲ್ಲ. ಟೈಲರಕ್ಕ ಪಕ್ಕದಲ್ಲಿ ಕೂತು ಟೋಪಿಗೆ ಕೈಹೊಲಿಗೆ ಹಾಕುವಳು. ಈಗ ನುಣುಪು ತಲೆಯ ಕಡೆಗೆ, ಹೊಲಿಗೆ ಹೊರಗಡೆಗೆ. ಹೇಗೂ ಕಾಣುತ್ತದಲ್ಲ ಎಂದು ಹಳದಿ, ಕೆಂಪು ದಾರ ಹಾಕತೊಡಗಿದಳು. ಒಂದು ಬುಧವಾರ ಕಿಟಕಿಯ ಪಕ್ಕದ ಮಂಚ ಖಾಲಿಯಿತ್ತು. ಆ ಮಗುವಿನ ತಂದೆ ಟೋಪಿಯನ್ನು ಒಗೆದು, ಮಡಚಿ, ನರ್ಸಮ್ಮನ ಕೈಗೆ ಕೊಟ್ಟು ಹೋಗಿದ್ದ. ಟೈಲರಕ್ಕ ಅದನ್ನು ಯಾರಿಗೂ ಕೊಡಲಾರದೆ ಮನೆಗೆ ತಂದಳು. ಅದು ಇಂದಿಗೂ ಮಷಿನ್ನಿನ ಡ್ರಾಯರಿನಲ್ಲಿದೆ.

ಗುಬ್ಬಿಯ ಚಿಕಿತ್ಸೆ ಪೂರ್ತಿಯಾಗಲು ಬಹಳ ಕಾಲ ಹಿಡಿಯಿತು. ಆದರೆ ಪೂರ್ತಿಯಾಯಿತು. ತಪಾಸಣೆಗೆ ಈಗಲೂ ಹೋಗಿಬರುತ್ತಾಳೆ. ಮೊನ್ನೆ ಹೊಸ ಯೂನಿಫಾರ್ಮಿಗೆ ಅಳತೆ ಕೊಡಲು ಬಂದಿದ್ದಳು. ಟೈಲರಕ್ಕ ಟೇಪು ಸುತ್ತಿದಳು, ನೋಡಿದಳು, ಮತ್ತೊಮ್ಮೆ ಸುತ್ತಿದಳು.

“ಏನತ್ತೆ, ಮತ್ತೆ ಇಳಿದಿದ್ದೀನಾ?”

“ಇಲ್ಲ ಕಣೇ. ಬಟ್ಟೆ ಸಾಲಲ್ಲ. ನಿಮ್ಮಪ್ಪನಿಗೆ ಹೇಳು, ಇನ್ನೂ ಸ್ವಲ್ಪ ತರಬೇಕಂತೆ.”

ಚೀಟಿ ಮಾತ್ರ ಬಾಗಿಲಲ್ಲೇ ಇದೆ. ಬುಧವಾರ ಆಕೆ ಬೇರೊಂದು ಮಗುವಿನ ಪಕ್ಕ ಕೂರುತ್ತಾಳೆ.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯ ಮಗುವಿಗೆ ಜ್ವರ ಬಿಡದೆ ಬರುತ್ತಿದ್ದರೆ, ಪೆಟ್ಟಾಗದೆ ಮೈಮೇಲೆ ನೀಲಿ ಕಲೆ ಕಂಡರೆ, ಮಗು ಬಿಳಿಚಿಕೊಂಡರೆ, ತೂಕ ಇಳಿದರೆ, ಎಲ್ಲಾದರೂ ಗಂಟು ಕೈಗೆ ಸಿಕ್ಕರೆ, ಕಣ್ಣಿನ ಪಾಪೆ ಬೆಳ್ಳಗೆ ಹೊಳೆದರೆ ತಡಮಾಡದೆ ಡಾಕ್ಟರಿಗೆ ತೋರಿಸಿ. ಹೆಚ್ಚಿನ ಸಲ ಅದು ಬೇರೇನೋ ಸಣ್ಣದೇ ಆಗಿರುತ್ತದೆ. ಆದರೂ ತೋರಿಸಿ. ಮಕ್ಕಳ ಕ್ಯಾನ್ಸರುಗಳಲ್ಲಿ ಎಷ್ಟೋ ವಾಸಿಯಾಗುತ್ತವೆ. ಬೇಗ ಗೊತ್ತಾಗಬೇಕು, ಚಿಕಿತ್ಸೆಯನ್ನು ನಡುವೆ ಬಿಡಬಾರದು, ಅಷ್ಟೇ.

ನಿಮ್ಮ ಬೀದಿಯಲ್ಲಿ ಅಂಥ ಮನೆಯೊಂದಿದ್ದರೆ, ಏನು ಹೇಳಬೇಕೆಂದು ಗೊತ್ತಿಲ್ಲದೆ ದೂರ ಉಳಿಯಬೇಡಿ. ಕೈಲಾದಷ್ಟು ಹಣ ಕೊಡಿ, ರಸೀದಿ ಕೇಳಿ ಪಡೆಯಿರಿ. ಆರೋಗ್ಯ ಚೆನ್ನಾಗಿದ್ದರೆ ರಕ್ತ ಕೊಡಿ. ಕೊಡಲು ಏನೂ ಇಲ್ಲವೆನಿಸಿದರೆ ನಿಮ್ಮ ವಾರದ ಒಂದು ದಿನ ಕೊಡಿ. ಏನು ಕೊಡುವುದಕ್ಕೂ ಮೊದಲು ಒಮ್ಮೆ ಆ ಬಾಗಿಲು ತಟ್ಟಿ, “ನಿಮಗೆ ಏನು ಬೇಕು?” ಎಂದು ಕೇಳಿ. ಒಳಗಿರುವವರು ತಕ್ಷಣ ಹೇಳಲಿಕ್ಕಿಲ್ಲ. ಸ್ವಲ್ಪ ಹೊತ್ತು ಅಲ್ಲೇ ಕೂತಿರಿ.